ಕಡಲು ಸುತ್ತಿ ಬಂದ ಮಾತು

ಡೆರಿಕ್ ಚಹಾಕ್ಕೆ ಕರೆದಿದ್ದ ಮನೆಯ ಬಾಗಿಲು ತೆರೆಯಿತು. ಎಡ್ವಿನಾಳ ಕಣ್ಣು ಮೊದಲು ಬಿದ್ದದ್ದು ಮುದುಕನ ಕಾಲ ಮೇಲೆ.

ಅವಳೇ ಹೆಣೆದ ಕಾಲುಚೀಲ! ಬಿಳಿ ಉಣ್ಣೆ, ನಾಲ್ಕು ನೀಲಿ ಪಟ್ಟೆ... ಡೆರಿಕ್‌ಗೆಂದು ಕೊಟ್ಟದ್ದು ಅವನ ತಾತನ ಕಾಲಲ್ಲಿ!

ಅವಳು ಹೊಸಿಲ ಹೊರಗೇ ನಿಂತಳು.

ದೂರದ ನಡುಗಡಲಿನ ಅವಳ ಟ್ರಿಸ್ಟನ್ ದ್ವೀಪದಲ್ಲಿ ಹುಡುಗಿ ಪ್ರೀತಿಯನ್ನು ಬಾಯಿಬಿಟ್ಟು ಹೇಳುವುದಿಲ್ಲ, ಹೆಣೆದು ಕೊಡುತ್ತಾಳೆ. ಪಟ್ಟೆ ಹೆಚ್ಚಿದಷ್ಟೂ ಒಲವು ಹೆಚ್ಚು. ಹುಡುಗ ತೊಟ್ಟರೆ ಒಪ್ಪಿದ ಹಾಗೆ. ಇನ್ನೊಬ್ಬರಿಗೆ ದಾಟಿಸಿದರೆ... ಒಲ್ಲೆ ಎಂದ ಹಾಗೆ.

ಹೋದ ವರ್ಷ ದ್ವೀಪದ ಬೆಟ್ಟ ಬೆಂಕಿ ಕಾರಿದಾಗ ಊರಿಗೂರೇ ಹಡಗು ಹತ್ತಿ ಇಂಗ್ಲೆಂಡಿಗೆ ಬಂದಿತ್ತು. ಸೌತಾಂಪ್ಟನ್ ಬಳಿ ಶಿಬಿರ, ಬಿಸ್ಕತ್ತು ಕಾರ್ಖಾನೆಯಲ್ಲಿ ಕೆಲಸ. ಮೊದಲ ದಿನವೇ ಅವಳು ಜೊತೆಗೆ ಕೆಲಸ ಮಾಡುವ ಇಂಗ್ಲೆಂಡಿನ ಹುಡುಗ ಡೆರಿಕ್‌ಗೆ ಪಕ್ಕದ ಜಾಗ ತೋರಿಸಿ, “ಬಾ, ಇಲ್ಲೇ ಲಂಗರು ಹಾಕು” ಎಂದಿದ್ದಳು. ಎಲ್ಲರೂ ಗೊಳ್ಳೆಂದರು. ಡೆರಿಕ್ ಕೂಡ ನಕ್ಕಿದ್ದ!

ಅಂದಿನಿಂದ ಅವಳು ಊರ ಮಾತನ್ನು ನುಂಗಿಕೊಂಡು ಪೇಟೆಯ ಮಾತು ಕಲಿಯುತ್ತಿದ್ದಳು. ಆದರೂ ದಿನಾ ಸಂಜೆ ಬಸ್ಸು ಬರುವವರೆಗೂ ಜೊತೆಗೆ ನಿಲ್ಲುತ್ತಿದ್ದವನ ಮೇಲೆ ಮನಸ್ಸು ಕೂತುಬಿಟ್ಟಿತ್ತು.

“ಒಳಗೆ ಬಾಮ್ಮಾ,” ಎಂದರು ತಾತ.

ದುಃಖ ಉಕ್ಕಿತು. ಕಲಿತ ಮಾತೆಲ್ಲ ಮರೆತೇ ಹೋಯಿತು.

“ಈ ರೇವು ನಂದಲ್ಲ ತಾತ! ಗಾಳಿ ತಿರುಗಿದೆ, ನಾನು ಹಾಯಿ ಬಿಚ್ತೀನಿ!” ಎಂದು ಹೊರಡಲು ತಿರುಗಿದಳು.

ಮುದುಕನ ಕೈಯಿಂದ ಕೋಲು ಜಾರಿತು.

“ಇನ್ನೊಂದ್ಸಲ... ಇನ್ನೊಂದ್ಸಲ ಹೇಳು ಮಗಳೇ!”

“ಬೈಬೇಡಿ. ತಪ್ಪು ಮಾತು ಅದು...”

“ತಪ್ಪಾ?” ತಾತನ ಕಣ್ಣು ತುಂಬಿತ್ತು. “ನಮ್ಮಜ್ಜ ಹಾಯಿ ಹಡಗಿನೋನು. ಅವನ ತೊಡೆ ಮೇಲೆ ಕೂತು ಕೇಳಿದ ಮಾತಮ್ಮಾ! ಅವನೂ ಹೋದ, ಅವನ ಜೊತೆಯೋರೂ ಹೋದ್ರು. ಮಾತೂ ಹೋಯ್ತು ಅಂದ್ಕೊಂಡಿದ್ದೆ!”

ಎಡ್ವಿನಾಳ ಮೈ ಜುಮ್ಮೆಂದಿತು. ಆ ಕಾಲದ ನಾವಿಕರೇ ಅಲ್ಲವೇ ಅವಳ ದ್ವೀಪದಲ್ಲಿ ಮನೆ ಕಟ್ಟಿದ್ದು? ಇಲ್ಲಿಯವರು ಹಳತೆಂದು ಬಿಟ್ಟ ಮಾತನ್ನು ಅಲ್ಲಿ ತಾಯಂದಿರು ಒಲೆ ಮುಂದೆ ಕೂತು ಆಡುತ್ತಲೇ ಬಂದಿದ್ದರು. ಎಂದೋ ಮಣ್ಣಾದವರ ಉಸಿರು ಅವಳ ನಾಲಗೆಯ ಮೇಲೆ ಬದುಕಿತ್ತು! ಅದನ್ನೇ ಅವಳು ನಾಚಿ ಮುಚ್ಚಿಟ್ಟಿದ್ದಳು.

ಚಹಾ ಹಿಡಿದು ಬಂದ ಡೆರಿಕ್ ಅಲ್ಲೇ ನಿಂತಿದ್ದ.

“ಅದಕ್ಕೇ ನಿನ್ನ ಕರೆದದ್ದು ಕಣೇ! ಅವತ್ತು ಗೇಲಿಗೆ ನಗ್ಲಿಲ್ಲ. ತಾತ ಜ್ವರದಲ್ಲಿ ಕನವರಿಸೋ ಮಾತು ನಿನ್ನ ಬಾಯಲ್ಲಿ! ಖುಷಿ ತಡೀಲಿಲ್ಲ...”

“ಮತ್ತೆ ಕಾಲುಚೀಲ?”

“ತಾತನ ಕಾಲು ತಣ್ಣಗೆ ಕೊರೀತಿತ್ತು, ಕೊಟ್ಟೆ. ಯಾಕೆ?”

ಅವಳು ನೆಲ ನೋಡಿದಳು. “ನಾಲ್ಕು ಪಟ್ಟೆ ಅಂದ್ರೆ... ನಿನ್ನೇ ಮದುವೆ ಆಗ್ತೀನಿ ಅಂತ.”

“ಅಯ್ಯೋ ಪೆದ್ದಾ!” ತಾತ ಕೂತು ಕಾಲುಚೀಲ ಎಳೆದು ಮೊಮ್ಮಗನ ಮೇಲೆಸೆದರು. “ಇನ್ನೊಂದು ಗಳಿಗೆ ಬಿಟ್ಟಿದ್ರೆ ಮದುಮಗ ನಾನೇ ಆಗ್ತಿದ್ನಲ್ಲೋ!”

ಡೆರಿಕ್ ಅಲ್ಲೇ ನೆಲದ ಮೇಲೆ ಕೂತು ಅವನ್ನು ತೊಟ್ಟುಕೊಂಡ. ಎಡ್ವಿನಾ ಅಳುತ್ತಲೇ ನಕ್ಕಳು.

“ಆದ್ರೆ ಡೆರಿಕ್... ಬೆಟ್ಟ ತಣ್ಣಗಾದ್ಮೇಲೆ ನಾವೆಲ್ಲ ವಾಪಸ್ ಹೋಗ್ತೀವಿ.”

“ನಾನೂ ಬರ್ತೀನಿ. ಅಷ್ಟರಲ್ಲಿ ನಿನ್ನ ಮಾತು ಕಲಿಸ್ಬಿಡು. ಅಲ್ಲಿ ನಮ್ಮ ಮಕ್ಕಳು ನನ್ನ ಮಾತು ಕೇಳಿ ನಗಬಾರ್ದಲ್ಲ!”

“ನಗಲಿ ಬಿಡು,” ಎಂದು ಅವಳು ಅವನ ಕೈ ಹಿಡಿದಳು. “ನಾನಿರ್ತೀನಲ್ಲ.”