ರಜೆಯಲ್ಲಿದ್ದವರಿಗೆ ಗಂಜಿ

2025ರ ಆಗಸ್ಟ್ 11, ಬೆಳಿಗ್ಗೆ 9.40. ಶ್ರೀರಾಮನಗರದ ತಿಮ್ಮಣ್ಣ ಗಂಗಾವತಿಯ ಠಾಣೆಗೆ ಬಂದು ದೂರು ಕೊಟ್ಟರು. ಪಂಪಾತೀರ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿದ್ದ ಮಗಳು ಶ್ವೇತಾ ಹಿಂದಿನ ದಿನ ಕಾಮಾಲೆಯಿಂದ ತೀರಿಕೊಂಡಿದ್ದಳು. ಆದರೆ ಆಕೆ 4ನೇ ತಾರೀಖಿಗೇ ರಜೆಯ ಮೇಲೆ ಊರಿಗೆ ಹೋದಳೆಂದು ಹಾಸ್ಟೆಲಿನ ದಾಖಲೆ ಹೇಳುತ್ತಿತ್ತು.

“ಮನಿಗೆ ಬಂದೇ ಇಲ್ರಿ ಸಾಹೇಬ್ರ. ಒಂಬತ್ತನೇ ತಾರೀಖಿಗೆ ಹಾಸ್ಟೆಲಿನವ್ರು ಫೋನ್ ಮಾಡಿ, ದವಾಖಾನ್ಯಾಗ ಅದಾಳ ಬರ್ರಿ ಅಂದ್ರು. ನಾ ಹೋಗೂದ್ರಾಗ ಮಾತು ನಿಂತಿತ್ತು.”

ಇನ್‌ಸ್ಪೆಕ್ಟರ್ ಸಿದ್ದಾರ್ಥ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ಮಂಜೂರನೊಂದಿಗೆ 11.15ಕ್ಕೆ ಹಾಸ್ಟೆಲಿಗೆ ಹೋದರು. ಮೂವರಿಗಿಂತ ಹೆಚ್ಚು ಜನ ಕಾಯಿಲೆ ಬಿದ್ದರೆ ವಾರ್ಡನ್ ವಿಶ್ವವಿದ್ಯಾಲಯಕ್ಕೆ ವರದಿ ಕಳಿಸಬೇಕು. ವಿಶ್ವವಿದ್ಯಾಲಯದವರು ನೀರು ಪರೀಕ್ಷಿಸಿ, ಹಾಸ್ಟೆಲ್ ಮುಚ್ಚಿ, ಎಲ್ಲರನ್ನೂ ಮನೆಗೆ ಕಳಿಸುತ್ತಾರೆ. ಅದು ನಿಯಮ. ಈ ತಿಂಗಳ ವರದಿಯಲ್ಲಿ ಕಾಯಿಲೆಯವರು ಯಾರೂ ಇರಲಿಲ್ಲ. ಏಳು ಹುಡುಗಿಯರು ರಜೆಯಲ್ಲಿದ್ದರು.

ಅಡುಗೆಮನೆಯ ಒಲೆಯ ಮೇಲೆ ಗಂಜಿ ಕುದಿಯುತ್ತಿತ್ತು.

“ಇದು ಯಾರಿಗಮ್ಮ?” ಸಿದ್ದಾರ್ಥ ಅಡುಗೆಯ ಕಾಸೀಮಬೀಯನ್ನು ಕೇಳಿದರು.

“ರಜಾದಾಗ ಅದಾರಲ್ರಿ, ಅವ್ರಿಗೆ.”

“ಊರಿಗೆ ಹೋದವ್ರಿಗೆ ಇಲ್ಲಿ ಗಂಜಿ ಯಾಕ?” ಎಂದ ಮಂಜೂರ.

“ಊರು ಅಂದ್ರ ಮ್ಯಾಲಿನ ಖೋಲಿಪಾ. ಮೆಟ್ಟಲಾ ಹತ್ತು, ಬಸ್ ಚಾರ್ಜ್ ಬೇಕಾಗಿಲ್ಲ.”

ಮೇಲೆ ಆರು ಹುಡುಗಿಯರು ಮಲಗಿದ್ದರು. ಎಲ್ಲರ ಕಣ್ಣೂ ಹಳದಿ. ಅವರನ್ನು ಆಸ್ಪತ್ರೆಗೆ ಕಳಿಸಿ, ಟ್ಯಾಂಕಿನ ನೀರಿನ ಮಾದರಿಗೆ ಸೀಲ್ ಹಾಕಿ ಪಂಚನಾಮೆ ಬರೆದರು.

ಸಂಜೆ 4ಕ್ಕೆ ಠಾಣೆಯಲ್ಲಿ ವಾರ್ಡನ್ ಪಾರ್ವತೆಮ್ಮನ ವಿಚಾರಣೆ ನಡೆಯಿತು.

“ರಜಾ ಅಂತ ಬರದವ್ರು ಯಾರು?”

“ನಾನರಿ.”

“ಯಾಕ?”

“ಎರಡು ವರ್ಷದ ಹಿಂದ ವಾಂತಿಭೇದಿ ಬಂದಾಗ ಖರೇ ಬರದಿದ್ನಿ. ಹಾಸ್ಟೆಲ್ ಮುಚ್ಚಿದ್ರು. ಮನಿಗೆ ಹೋದವ್ರಾಗ ಹನ್ನೊಂದು ಹುಡಿಗ್ಯಾರು ತಿರುಗಿ ಬರಲಿಲ್ಲ, ಮನ್ಯಾವ್ರು ಲಗ್ನಾ ಮಾಡಿಬಿಟ್ರು. ಎಲ್ಲಿ ಹೋದ್ರು ಅಂತ ವಿಶ್ವವಿದ್ಯಾಲಯದವ್ರು ಒಬ್ರೂ ಕೇಳಲಿಲ್ಲ. ಈ ಸಲ ಕಾಮಾಲಿಗೆ ನೆಲನೆಲ್ಲಿ ರಸ ಕೊಟ್ಟು ನಾನ ಆರಾಮ ಮಾಡ್ತೀನಿ ಅನ್ಕೊಂಡೆ.” ಆಕೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. “ದೇವ್ರು ನನ್ನ ಕೈಲೆ ಎಂಥಾ ಪಾಪ ಮಾಡಿಸಿದಾ!”

“ದೇವ್ರಲ್ರಿ, ನೀವ ಬರದದ್ದು,” ಎಂದರು ಸಿದ್ದಾರ್ಥ.

5.20ಕ್ಕೆ ಆಕೆಯನ್ನು ಬಂಧಿಸಲಾಯಿತು. ಹೊರಗೆ ಬೆಂಚಿನ ಮೇಲಿದ್ದ ತಿಮ್ಮಣ್ಣನಿಗೆ ಸಿದ್ದಾರ್ಥ ಆಕೆಯ ಹೇಳಿಕೆ ಓದಿ ಹೇಳಿದರು. ಲಗ್ನದ ಮಾತು ಬಂದಾಗ ತಿಮ್ಮಣ್ಣ ಕೈ ಎತ್ತಿ ತಡೆದರು.

“ಆ ಹನ್ನೊಂದರಾಗ ನನ್ನ ಹಿರೇಮಗಳು ಸುರೇಖಾ ಒಬ್ಬಾಕಿರಿ.”

ಜೀಪು ಹತ್ತುವ ಮೊದಲು ಪಾರ್ವತೆಮ್ಮ ಅವರ ಮುಂದೆ ನಿಂತಳು. “ತಪ್ಪಾತಣ್ಣಾ,” ಅಂದಳು.

ತಿಮ್ಮಣ್ಣ ತಲೆ ಎತ್ತಲಿಲ್ಲ.