ತುಳಸಿಯ ಒಂದು ಸುತ್ತು

“ಈ ನಾಯಿಯಿಂದ ಮರಿ ತೆಗೀಬೇಡಿ.”

ಕುರಿ ಅಟ್ಟುವ ನಾಯಿಗಳ ಪಂದ್ಯ ಮುಗಿಸಿ ತನ್ನ ತುಳಸಿಗೆ ನೀರು ಕುಡಿಸುತ್ತಿದ್ದ ಭೂಮಿಕಾ ತಟ್ಟನೆ ತಲೆ ಎತ್ತಿದಳು. ಶಿರಸಿಯ ಹೊರಗಿನ ಆ ಬಯಲಿನಲ್ಲಿ ಅವಳ ಎದುರು ನಿಂತಿದ್ದವನು ಪಂದ್ಯದ ತೀರ್ಪುಗಾರ ಉಲ್ಲಾಸ. ಸಿದ್ದಾಪುರದ ಕಡೆಯವನು. ಕುರಿ ಕಾಯುವ ಕೋಲಿ ನಾಯಿಗಳನ್ನು ಪಳಗಿಸುವುದರಲ್ಲಿ ಅವನದು ಎತ್ತಿದ ಕೈ ಎಂದು ಬೆಳಿಗ್ಗೆಯೇ ಮೈಕಿನಲ್ಲಿ ಹೇಳಿದ್ದರು.

“ಎಂತ ಅಂದ್ರಿ?”

“ಮುಂದಿನ ವಾರ ತುಳಸಿಗೆ ಜೋಡಿ ಮಾಡಿಸ್ತೀರಿ ಅಂತ ಕೇಳ್ದೆ. ಬೇಡ. ಕಾರಣ ಇಲ್ಲಿ ಹೇಳೂಕಾಗೋದಿಲ್ಲ, ಮನೆಗೇ ಬಂದು ಹೇಳ್ತೇನೆ.”

“ಐದು ಕುರಿನೂ ಚದುರದ ಹಾಗೆ ತಂದು ದೊಡ್ಡಿಗೆ ಹಾಕಿದಾಳೆ. ಎರಡನೇ ಬಹುಮಾನ ಬರ್ದಿದ್ದು ನೀವೇ ಅಲ್ವಾ?”

“ಕೆಲಸದಲ್ಲಿ ಏನೂ ಕಮ್ಮಿ ಇಲ್ಲ ಅವಳಿಗೆ. ಅದಕ್ಕೇ ಹೇಳೂಕೆ ಕಷ್ಟ ಆಗ್ತದೆ.”

ಅಷ್ಟು ಹೇಳಿ ಅವನು ಹೊರಟುಹೋದ. ಪಕ್ಕದಲ್ಲಿದ್ದ ಗೆಳತಿ ಚೇತನಾ ಅವಳ ಕಿವಿಯ ಹತ್ತಿರ ಬಗ್ಗಿದಳು.

“ಅವನ ಮನೇಲೂ ಒಂದು ಹೆಣ್ಣುನಾಯಿ ಗಬ್ಬ ಇದೆಯಂತೆ ಮಾರಾಯ್ತಿ. ನಿನ್ನ ಮರಿ ಬಂದ್ರೆ ಅವನ ಮರಿ ಯಾರು ಕೇಳ್ತಾರೆ ಹೇಳು?”

ಹೀಗೋ ಸಂಗತಿ... ಭೂಮಿಕಾಳ ಮುಖ ಕೆಂಪೇರಿತು. ಅವನ ಮಾತು ನಾಯಿಗೆ ತಾಗಿರಲಿಲ್ಲ, ಅವಳ ಅಪ್ಪನಿಗೆ ತಾಗಿತ್ತು. ತೀರಿಕೊಂಡವರು ಬಿಟ್ಟುಹೋದದ್ದನ್ನು ಯಾರು ಸುಮ್ಮನೆ ಮುಟ್ಟಿದರೂ ಇರುವವರಿಗೆ ನೋಯುತ್ತದೆ.

ಅವಳ ಅಪ್ಪ ಚೌಡ ಹನ್ನೆರಡು ವರ್ಷ ಯಾವುದೋ ಬೆಟ್ಟದ ಮೇಲಿನ ಕುರಿ ಫಾರ್ಮಿನಲ್ಲಿ ದುಡಿದು, ಊರಿಗೆ ಮರಳುವಾಗ ಒಂದು ಜೊತೆ ಕೋಲಿ ನಾಯಿಗಳನ್ನು ತಂದಿದ್ದ. ಊರಾದ ಇಡಗುಂದಿಯವರು ಮೊದಲು ನಕ್ಕರು. ಕಾಡಿನ ಅಂಚಿಗೆ ಹೋದ ದನಗಳನ್ನು ಆ ನಾಯಿಗಳು ಒಂದು ಸೀಟಿಗೆ ಕೊಟ್ಟಿಗೆಗೆ ತಂದು ನಿಲ್ಲಿಸಿದ ಮೇಲೆ ಮರಿ ಕೇಳಿಕೊಂಡು ಬಂದರು. ಚೌಡನದು ಒಂದೇ ನಿಯಮ: ಕೆಲಸ ಬಾರದ ನಾಯಿಯ ಮರಿ ತೆಗೆಯಬಾರದು, ಕೊರತೆ ಮುಚ್ಚಿಟ್ಟು ಯಾರಿಗೂ ಮರಿ ಕೊಡಬಾರದು.

ಅವನು ಹೋಗಿ ಹನ್ನೊಂದು ತಿಂಗಳಾಗಿತ್ತು. ಅವನ ತಳಿಯಲ್ಲಿ ಈ ಮನೆಯಲ್ಲಿ ಉಳಿದದ್ದು ತುಳಸಿ ಒಬ್ಬಳೇ. ವರ್ಷಾಂತಿಕದ ಒಳಗೆ ಅವಳ ಮಡಿಲು ತುಂಬಿದರೆ ಗಂಟೆ ಕಟ್ಟುತ್ತೇನೆಂದು ಭೂಮಿಕಾ ಚಂದಗುಳಿಯ ಗಣಪನಿಗೆ ಹರಕೆ ಹೊತ್ತಿದ್ದಳು. ಗಂಟೆಯನ್ನೂ ತಂದಿಟ್ಟಿದ್ದಳು. ನಂಬಿಕೆ ಎಂದರೆ ಹಾಗೆ, ಫಲಕ್ಕೆ ಮೊದಲೇ ಅದರ ಸಿದ್ಧತೆ ನಡೆದಿರುತ್ತದೆ.

ಮೂರನೇ ದಿನ ಬೆಳಿಗ್ಗೆ ಅಂಗಳದಲ್ಲಿ ಒಂದು ಓಮ್ನಿ ಬಂದು ನಿಂತಿತು. ಉಲ್ಲಾಸ ಇಳಿದ. ಅವನ ಹಿಂದೆ ತುಳಸಿಯ ಪಡಿಯಚ್ಚಿನಂಥ ಗಂಡು ನಾಯಿಯೊಂದು ಇಳಿಯಿತು.

“ಇದು ಭೀಮ. ತುಳಸಿಯ ಒಡಹುಟ್ಟಿದವನು. ನಾಲ್ಕು ವರ್ಷದ ಹಿಂದೆ ಚೌಡಣ್ಣ ಕೊಟ್ಟಿದ್ದು.”

ಉಲ್ಲಾಸ ಬಲಗೈ ಚಾಚಿದ. ಭೀಮ ಬಲಕ್ಕೆ ಓಡಿದ. ಅಂಗೈ ಕೆಳಗೆ ಮಾಡಿದ. ಭೀಮ ನೆಲಕ್ಕೆ ಅಂಟಿಕೊಂಡ. ಒಂದು ಮಾತಿಲ್ಲ, ಒಂದು ಸೀಟಿಯಿಲ್ಲ.

ಜಗಲಿಯಲ್ಲಿ ಕುಳಿತಿದ್ದ ಭೂಮಿಕಾಳ ಅಜ್ಜಿ ನಾಗಿ ಬಾಯಿಯ ಮೇಲೆ ಬೆರಳಿಟ್ಟಳು. “ಇದೆಂತ ತಮ್ಮಾ, ಮೂಕಾಭಿನಯ?”

“ಅವನಿಗೆ ಎರಡೂ ಕಿವಿ ಕೇಳೋದಿಲ್ಲ ಅಜ್ಜಿ. ಹುಟ್ಟಾ ಹಾಗೆ. ರಕ್ತದಲ್ಲಿ ಬರೋ ಕಿವುಡು, ಮರಿಗಳಿಗೂ ದಾಟ್ತದೆ.”

“ಪುಣ್ಯವಂತ. ಬೈದ್ರೂ ಬೇಜಾರಿಲ್ಲ.”

ಭೂಮಿಕಾ ನಗಲಿಲ್ಲ. “ಅದಕ್ಕೂ ತುಳಸಿಗೂ ಎಂತ ಸಂಬಂಧ?”

“ಕರೆದ್ರೆ ತುಳಸಿ ಸೀದಾ ಬರ್ತಾಳಾ?”

“ಒಂದು ಸುತ್ತು ತಿರುಗಿ ಬರ್ತಾಳೆ. ಅಪ್ಪ ಅದಕ್ಕೇ ಭಕ್ತೆ ಅಂತಿದ್ರು, ಪ್ರದಕ್ಷಿಣೆ ಹಾಕದೆ ಬರೋಳಲ್ಲ ಅಂತ. ಅದೂ ತಪ್ಪಾ ಈಗ?”

ಉಲ್ಲಾಸ ಮೆಲ್ಲಗೆ ಹೇಳಿದ. “ಎರಡು ಕಿವಿ ಇದ್ರೆ ಸದ್ದು ಯಾವ ಕಡೆಯಿಂದ ಬಂತು ಅಂತ ಗೊತ್ತಾಗ್ತದೆ. ಒಂದೇ ಕಿವಿ ಆದ್ರೆ ಗೊತ್ತಾಗೋದಿಲ್ಲ. ಅವಳು ನಿಮ್ಮನ್ನ ಹುಡುಕ್ತಾಳೆ.”

“ಸುಳ್ಳು.”

ತುಳಸಿ ಬಿಸಿಲಿಗೆ ಮೈಯೊಡ್ಡಿ, ಬಲಗಿವಿಯನ್ನು ನೆಲಕ್ಕೆ ಒತ್ತಿ ನಿದ್ದೆಹೋಗಿದ್ದಳು. ಭೂಮಿಕಾ ಒಳಗೆ ಹೋಗಿ ಹರಕೆಯ ಗಂಟೆಯನ್ನು ತಂದಳು. ಇವನ ಬಾಯಿ ಈಗಲೇ ಮುಚ್ಚಿಸುತ್ತೇನೆ... ನಾಯಿಯ ಎಡಗಿವಿಯಿಂದ ಒಂದು ಮೊಳ ದೂರದಲ್ಲಿ ಗಂಟೆ ಬಾರಿಸಿದಳು.

ತುಳಸಿ ಮಲಗಿಯೇ ಇದ್ದಳು.

ಇನ್ನೊಮ್ಮೆ ಬಾರಿಸಿದಳು. ಕೊಟ್ಟಿಗೆಯ ಎಮ್ಮೆ ತಿರುಗಿ ನೋಡಿತು. ಪಕ್ಕದ ಮನೆಯವರು ಇಣುಕಿದರು. ತುಳಸಿಯ ಹೊಟ್ಟೆ ಮಾತ್ರ ನಿದ್ದೆಯ ಲಯದಲ್ಲೇ ಏರಿ ಇಳಿಯುತ್ತಿತ್ತು.

ಸ್ವಲ್ಪ ಹೊತ್ತಿಗೆ ನಾಯಿ ತಾನಾಗಿ ಮಗ್ಗುಲು ಬದಲಿಸಿತು. ಈಗ ಬಲಗಿವಿ ಮೇಲಿತ್ತು. ಭೂಮಿಕಾ ಗಂಟೆಯ ನಾಲಿಗೆಯನ್ನು ಉಗುರಿನಿಂದ ಬರಿದೇ ತಾಕಿಸಿದಳು. ತುಳಸಿ ಚಂಗನೆ ಎದ್ದು, ಒಂದು ಸುತ್ತು ತಿರುಗಿ, ಭೂಮಿಕಾಳ ಮೊಣಕಾಲಿಗೆ ಮುಖ ಒರೆಸಿದಳು.

ಭೂಮಿಕಾ ಗಂಟೆಯನ್ನು ಬದಿಗಿಟ್ಟು ತುಳಸಿಯ ತಲೆ ಸವರಿದಳು. ಇಷ್ಟು ವರ್ಷ ನೀನು ನನ್ನನ್ನು ಹುಡುಕುತ್ತಿದ್ದೆ, ನಾವು ನೋಡಿ ನಗುತ್ತಿದ್ದೆವು...

“ಅಪ್ಪಂಗೆ ಗೊತ್ತಿತ್ತಾ?”

“ಭೀಮನದು ಗೊತ್ತಿತ್ತು. ನೊಂದ್ಕೊಳ್ತಾರೆ ಅಂತ ಮೂರು ವರ್ಷ ನಾನೇ ಹೇಳಿರಲಿಲ್ಲ. ಕಡೆಗೆ ಫೋನಲ್ಲಿ ಹೇಳಿದ ದಿನವೇ ಬಸ್ಸು ಹತ್ತಿ ಬಂದ್ರು. ಬೇರೆ ಮರಿ ಕೊಡ್ತೆ, ಇವನನ್ನ ನಾನು ಸಾಕ್ತೆ ಅಂದ್ರು. ನಾನೇ ಬಿಡಲಿಲ್ಲ. ಹೋಗುವಾಗ ‘ತುಳಸಿನ್ನೂ ನೋಡಬೇಕು, ಭೂಮಿಗೆ ನಾನೇ ಹೇಳ್ತೆ’ ಅಂದ್ರು. ಆ ವಾರವೇ ಹೋಗಿಬಿಟ್ರು. ಹೇಳಿರಬಹುದು ಅಂದ್ಕೊಂಡೇ ಇದ್ದೆ. ಮೊನ್ನೆ ಬಯಲಲ್ಲಿ ಇವಳು ಸುತ್ತು ಹಾಕೋದು ನೋಡಿದ ಮೇಲೆ ಸುಮ್ಮನಿರೂಕೆ ಆಗಲಿಲ್ಲ.”

“ನಿಮ್ಮ ಮರಿ ವ್ಯಾಪಾರಕ್ಕೆ ನಾನು ಅಡ್ಡ ಅಂತ ಹೀಗೆ ಹೇಳಿದ್ರಿ ಅಂದ್ಕೊಂಡಿದ್ದೆ.”

“ಗೊತ್ತು. ನಿಮ್ಮ ಗೆಳತಿಯ ದನಿ ಸಣ್ಣದಲ್ಲ.”

ಅಳುವಿನ ನಡುವೆಯೂ ಅವಳಿಗೆ ನಗು ಬಂತು. ಅವನ ಎದುರಿನಲ್ಲೇ ಗಂಡು ನಾಯಿಯ ಯಜಮಾನನಿಗೆ ಫೋನು ಮಾಡಿದಳು. “ಮಧುಕೇಶ್ವರಣ್ಣ, ಶುಕ್ರವಾರ ಬರೂದು ಬೇಡ. ನಮ್ಮ ತುಳಸಿಗೆ ಒಂದು ಕಿವಿ ಕೇಳೋದಿಲ್ಲ.” ಅಷ್ಟು ಹೇಳುವಷ್ಟರಲ್ಲಿ ಅವಳ ದನಿ ಎರಡು ಸಲ ಒಡೆಯಿತು. ಆ ಮನೆಯಲ್ಲಿ ಅಪ್ಪನ ತಳಿ ಅಲ್ಲಿಗೆ ಮುಗಿಯಿತು. ಅಪ್ಪನ ನಿಯಮ ಮಾತ್ರ ಉಳಿಯಿತು.

ಉಲ್ಲಾಸ ಹೊರಡಲು ತಿರುಗಿದ. “ಅವಳಿಗೆ ಕೈಸನ್ನೆ ಕಲಿಸಬಹುದು. ನಿಮಗೆ ಬೇಡದಿದ್ರೆ...”

“ಭಾನುವಾರ ಬನ್ನಿ.”

ಭಾನುವಾರ ಬಂದ. ಅದರ ಮುಂದಿನ ಭಾನುವಾರವೂ ಬಂದ. ಅಡಿಕೆ ಮರ ಸೀಳಿದ ದಬ್ಬೆಗಳನ್ನು ಅಡ್ಡ ಕಟ್ಟಿ ನಾಯಿ ಹಾರುವ ಬೇಲಿ ಮಾಡಿದ, ಹಳೆಯ ಡ್ರಮ್ಮಿನ ಎರಡೂ ತಳ ತೆಗೆದು ಸುರಂಗ ಮಾಡಿದ. ಭೂಮಿಕಾ ಕೈ ಎತ್ತಿದರೆ ತುಳಸಿ ಹಾರಿದಳು, ಕೈ ಬೀಸಿದರೆ ಸುರಂಗಕ್ಕೆ ನುಗ್ಗಿದಳು. ಪಾಠ ನಡೆಯುವಾಗ ಉಲ್ಲಾಸ ಯಾವಾಗಲೂ ತುಳಸಿಯ ಬಲಕ್ಕೇ ನಿಲ್ಲುತ್ತಿದ್ದ. ಅದನ್ನು ಭೂಮಿಕಾ ಕಂಡಳು. ನಾಯಿಯ ಮೇಲೆ ಇಷ್ಟು ಗಮನ ಇಡುವವನು ಮನುಷ್ಯರನ್ನು ಹೇಗೆ ನೋಡಿಕೊಂಡಾನು... ಯೋಚನೆ ಎಲ್ಲಿಗೆ ಹೋಯಿತೆಂದು ತಿಳಿದು ನಾಚಿದಳು.

“ನಾಯಿಗೆ ಪಾಠ ಒಂದು ತಾಸು, ಚಾ ಕುಡಿಯೂಕೆ ಮೂರು ತಾಸು,” ಎಂದಳು ನಾಗಿ ಅಜ್ಜಿ. “ಕಲಿಯೋದು ಯಾರು ಅಂತಲೇ ಗೊತ್ತಾಗೋದಿಲ್ಲ.”

“ಸುಮ್ಮನಿರು ಅಜ್ಜಿ.”

“ನಾನೆಂತ ಹೇಳ್ದೆ? ಚಾಪುಡಿ ಮುಗ್ದಿದೆ ಅಂತ ಹೇಳ್ದೆ.”

ಅಪ್ಪನ ವರ್ಷಾಂತಿಕ ಕಳೆದ ಮಾರನೆಯ ದಿನ ಭೂಮಿಕಾ ಗಂಟೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡಳು. ಅಜ್ಜಿ ಹುಬ್ಬು ಗಂಟಿಕ್ಕಿದಳು.

“ಹರಕೆ ಈಡೇರದೆ ಗಂಟೆ ಕಟ್ಟೂಕಾಗ್ತದಾ?”

“ಕೇಳಿದ್ದು ಮರಿ. ಗಣಪ ನಿಜ ಕೊಟ್ಟ. ಈ ಗಂಟೆ ಇಲ್ಲದಿದ್ರೆ ನಾನು ನಂಬ್ತಿರಲಿಲ್ಲ. ಕೊಟ್ಟಿದ್ದಕ್ಕೆ ಕಟ್ಟಬೇಕಲ್ಲ ಅಜ್ಜಿ.”

ಅಜ್ಜಿ ಚಪ್ಪಲಿ ಮೆಟ್ಟಿದಳು.

ಉಲ್ಲಾಸನ ಓಮ್ನಿಯಲ್ಲೇ ಮೂವರೂ ತುಳಸಿಯನ್ನು ಕರೆದುಕೊಂಡು ಚಂದಗುಳಿಗೆ ಹೋದರು. ಸಾವಿರಾರು ಜನರ ಆಸೆಗಳು ತೂಗುತ್ತಿದ್ದ ಆ ಗಂಟೆಗಳ ಸಾಲಿನಲ್ಲಿ ಭೂಮಿಕಾ ತನ್ನದನ್ನೂ ಕಟ್ಟಿ, ಕಣ್ಣು ಮುಚ್ಚಿ ಬಾರಿಸಿದಳು. ಹೊರಗೆ ಓಮ್ನಿಯ ಹತ್ತಿರ ಅಜ್ಜಿಯ ಜೊತೆ ಕುಳಿತಿದ್ದ ತುಳಸಿ ಎದ್ದು, ತನ್ನ ಒಂದು ಸುತ್ತು ಹಾಕಿ, ಗುಡಿಯ ಕಡೆ ಮುಖ ಮಾಡಿ ನಿಂತಳು.

ಗುಡಿಯ ಬಾಗಿಲಿನಿಂದ ಇಬ್ಬರೂ ಅದನ್ನು ನೋಡಿದರು. ಉಲ್ಲಾಸ ಅವಳ ಕಡೆ ತಿರುಗಿದ.

“ನಮ್ಮ ಮನೆಯ ಹೆಣ್ಣು ಆರು ಮರಿ ಹಾಕಿದೆ. ಬೇರೆ ತಳಿ. ಒಂದೊಂದರದೂ ಎರಡೂ ಕಿವಿ ಪರೀಕ್ಷೆ ಮಾಡಿಸ್ದೆ, ಎಲ್ಲಾ ಕೇಳ್ತವೆ. ಅವಕ್ಕೆ ಚೌಡಣ್ಣನ ಸೀಟಿ ಕಲಿಸಬೇಕು. ಅದು ಬರೋದು ನಿಮಗೊಬ್ಬರಿಗೇ.”

ಎರಡು ಬೆರಳಿಟ್ಟು ಊದುವ ಆ ಸೀಟಿ... ತಗ್ಗಿನಲ್ಲಿ ಹೊರಟು ಏರಿಗೆ ಹತ್ತುವ ಅಪ್ಪನ ಸೀಟಿ. ಇನ್ನೂ ಆರು ನಾಯಿಗಳು ಅದನ್ನು ಕೇಳಿ ಓಡಿ ಬರುತ್ತವೆ. ಭೂಮಿಕಾಳ ಕಣ್ಣು ತುಂಬಿತು.

“ಮರಿಗೆ ಸೀಟಿ ಕಲಿಸೂಕೆ ಮಾತ್ರ ಕರೆಯೋದಾ?”

“ಮರಿ ಒಂದು ನೆಪ. ನೀವು ನಮ್ಮನೆಗೇ ಬರಬೇಕು ಭೂಮಿಕಾ. ಅಜ್ಜಿ, ತುಳಸಿ ಎಲ್ಲರೂ. ಒಪ್ಪಿಗೆ ಇದ್ರೆ ಮಾತ್ರ.”

ಅವಳು ಸೆರಗು ಹೊದ್ದು, ಗುಡಿಯ ಎಡಬದಿಯಿಂದ ನಡೆದುಹೋದಳು. ಉಲ್ಲಾಸನ ಮುಖ ಬಾಡಿತು. ಬೇಜಾರು ಮಾಡಿಬಿಟ್ಟೆನೇ... ಅಲ್ಲೇ ನಿಂತ.

ಒಂದು ಸುತ್ತು ಮುಗಿಸಿ ಬಲಬದಿಯಿಂದ ಬಂದ ಭೂಮಿಕಾ ಅವನ ಎದುರು ನಿಂತಳು.

“ಎಂತಕ್ಕೆ ಹೋದ್ರಿ?”

“ಕರೆದದ್ದು ಯಾವ ಕಡೆಯಿಂದ ಅಂತ ಹುಡುಕೂಕೆ.”

“ಸಿಕ್ತಾ?”

“ಸಿಕ್ತು,” ಎಂದಳು ಅವಳು, ಅವನ ಬಲಕ್ಕೆ ಬಂದು ನಿಲ್ಲುತ್ತ. “ಇನ್ನು ಮೆಲ್ಲಗೆ ಕರೆದ್ರೂ ಸಾಕು.”