ತಿರುಗಿ ನಿಂತ ಫಲಕ

ಜೂನ್ ತಿಂಗಳ ಎರಡನೇ ಶುಕ್ರವಾರ, ಬೆಳಗ್ಗೆ ಎಂಟು ಗಂಟೆ. ಸ್ಕಿನೋರಾಹಿ ಪೊಲೀಸ್ ಠಾಣೆಗೆ ಡೆನ್ಮಾರ್ಕಿನ ಮಹಿಳೆಯೊಬ್ಬರು ದೂರು ತಂದರು. ಗಂಡನೊಂದಿಗೆ ಕ್ರೀಟ್ ನೋಡಲು ಬಂದವರು. ಹಿಂದಿನ ಸಂಜೆ ಮಾರ್ಮಾರಾ ಗುಹೆಯ ಫಲಕ ತೋರಿದ ದಾರಿಯಲ್ಲೇ ಹೋದರೆ ಗುಹೆ ಸಿಗಲಿಲ್ಲ, ಕಮರಿ ಸಿಕ್ಕಿತು. ಅಂಚಿನ ಕಲ್ಲು ಜಾರಿ ಗಂಡ ಬಿದ್ದು ಸೊಂಟ ಮುರಿದುಕೊಂಡಿದ್ದರು. ಬದುಕುತ್ತಾರೆಂದು ವೈದ್ಯರು ಇನ್ನೂ ಹೇಳಿರಲಿಲ್ಲ.

ಇನ್ಸ್‌ಪೆಕ್ಟರ್ ಆರ್ಗಿರೋ ವೆರಿವಾಕಿ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ಸಿಫಿಸ್‌ನೊಂದಿಗೆ ಕವಲುದಾರಿಗೆ ಹೋದರು. ಎರಡೂ ಬದಿ ಅಕ್ಷರವಿದ್ದ ಬಾಣದಾಕಾರದ ಫಲಕದ ತುಂಬ ಗುಂಡಿನ ತೂತುಗಳು. ಅದರಲ್ಲೇನೂ ವಿಶೇಷವಿಲ್ಲ. ನಮ್ಮ ಬೆಟ್ಟದೂರುಗಳಲ್ಲಿ ಮದುವೆಯಾದರೂ ಫಲಕಕ್ಕೆ ಗುಂಡು, ಮಗು ಹುಟ್ಟಿದರೂ ಗುಂಡು, ಏನೂ ಆಗದಿದ್ದರೆ ಬೇಜಾರಿಗೊಂದು ಗುಂಡು.

"ತೂತಿನ ಅಂಚು ರಸ್ತೆ ಕಡೆಗೆ ಉಬ್ಬಿದೆ ನೋಡು. ಗುಂಡು ಹಿಂದಿನಿಂದ ಬಂದಿರ್ಬೇಕು," ಎಂದರು ಆರ್ಗಿರೋ.

"ಹಿಂದೆ ಬರೀ ಕಮರಿ ಮೇಡಂ. ಹದ್ದೇನ್ ಬಂದೂಕು ಹಿಡಿಯುತ್ತಾ?"

"ಅದಕ್ಕೇ. ಫಲಕಾನೇ ತಿರುಗ್ಸಿದ್ದಾರೆ."

ತುಕ್ಕು ಹಿಡಿದ ಬೋಲ್ಟಿನ ಮೇಲೆ ಎಣ್ಣೆಯ ಪಸೆಯಿತ್ತು. ಸಿಫಿಸ್ ಮೂಸಿ ನೋಡಿದ. ಆಲಿವ್ ಎಣ್ಣೆ, ಅದರಲ್ಲಿ ಸುಟ್ಟ ಬತ್ತಿಯ ಮಸಿ.

"ದೀಪದೆಣ್ಣೆ ಮೇಡಂ."

"ದೀಪ ಹಚ್ಚದ ಮನೆ ಈ ಊರಲ್ಲಿ ಯಾವುದಿದೆ?"

ಪಂಚನಾಮೆ ಮುಗಿಸಿ ಅವರು ತಪ್ಪುದಾರಿಯಲ್ಲೇ ನಡೆದರು. ಆ ದಾರಿಯಲ್ಲಿ ಕಮರಿಗೆ ಮುಂಚೆ ಇದ್ದದ್ದು ಮನೂಸೋಸ್‌ನ ಹೋಟೆಲು ಒಂದೇ. ವಾರದಿಂದ ಅಲ್ಲಿ ಕೂರಲು ಕುರ್ಚಿ ಸಿಗುತ್ತಿರಲಿಲ್ಲವಂತೆ. ಊರಿಗೆ ಊರೇ ಅವನತ್ತ ಬೆರಳು ಮಾಡಿತು.

"ವ್ಯಾಪಾರ ಜೋರಂತೆ?"

"ದೇವ್ರು ಕೊಟ್ಟ, ತಗೊಂಡೆ."

"ದಾರಿ ತಪ್ಪಿದೆ ಅಂತ ಬಂದೋರಿಗೆ ಹೇಳ್ಲಿಲ್ವಾ?"

"ಮೊದ್ಲು ಊಟ, ಆಮೇಲೆ ದಾರಿ. ಎಲ್ರಿಗೂ ಹೇಳ್ದೆ. ಈ ಡೆನ್ಮಾರ್ಕಿನವ್ರನ್ನ ರಾಕಿ ಸಾರಾಯಿ ಲೋಟ ಹಿಡ್ಕೊಂಡು ಕರೆದೆ ಇನ್ಸ್‌ಪೆಕ್ಟ್ರೇ, ಕೈ ಬೀಸಿ ಹೊರಟೇಹೋದ್ರು."

"ಫಲಕ?"

"ಗುಂಡು ಹೊಡ್ದಿದ್ದೀನಿ, ಒಪ್ಕೋತೀನಿ. ತಿರುಗ್ಸಿಲ್ಲ."

ನಾಳೆ ಮಧ್ಯಾಹ್ನದೊಳಗೆ ಅವನನ್ನು ಕೋರ್ಟಿಗೆ ಹಾಜರುಪಡಿಸಿ ಎಂದು ಸರಕಾರಿ ವಕೀಲರು ಫೋನಿನಲ್ಲಿ ಹೇಳಿದರು. ಆರ್ಗಿರೋಗೆ ಸಮಾಧಾನವಾಗಲಿಲ್ಲ. ತಪ್ಪಿತಸ್ಥನಾಗಿದ್ದರೆ ಇಷ್ಟು ಸಲೀಸಾಗಿ ಗುಂಡಿನ ಮಾತು ಒಪ್ಪುತ್ತಿದ್ದನೇ?

ಗುಹೆಗೆ ಹತ್ತಿರದ ಮನೆ ಗರಿಫಾಲ್ಯಾ ಅಜ್ಜಿಯದು. ಗೋಡೆಯ ಮೇಲೆ ಮಗ ಲೆಫ್ಟೇರಿಸ್‌ನ ಫೋಟೊ. ಎಂಟು ವರ್ಷದ ಹಿಂದೆ, ಬಿದ್ದ ಮೇಕೆಮರಿಗಾಗಿ ಗುಹೆಯೊಳಗೆ ತಳದಲ್ಲಿ ನೀರಿದ್ದ ಆಳದ ಗುಂಡಿಗೆ ಇಳಿದವನು ಮೇಲೆ ಬರಲಿಲ್ಲ. ಮುಳುಗು ತಜ್ಞರು ಎರಡು ಸಲ ಬರಿಗೈಯಲ್ಲಿ ಮರಳಿದ್ದರು. ಈ ವಸಂತದಲ್ಲಿ ಅದೇ ಗುಹೆ ದ್ವೀಪದ 'ನೋಡಲೇಬೇಕಾದ ತಾಣ'ಗಳ ಸಾಲಿಗೆ ಸೇರಿತ್ತು.

ಅಜ್ಜಿ ಸೊಪ್ಪು ಸೋಸುತ್ತಿದ್ದವಳು ತಲೆಯೆತ್ತಲಿಲ್ಲ. "ನಾನೇನೂ ನೋಡಿಲ್ಲ ಮಗಳೇ. ಮಂಡಿನೋವು. ಹೊಸ್ತಿಲು ದಾಟಿಲ್ಲ."

ಎಲ್ಲ ಮನೆಯಲ್ಲೂ ಇದೇ ಉತ್ತರ. ಪೊಲೀಸರಿಗೆ ಸುಳ್ಳು ಹೇಳುವುದು ಇಲ್ಲಿ ಪಾಪವಲ್ಲ, ರೂಢಿ. ಆದರೆ ಕುರಿ ಕಳೆದರೆ ಅನುಮಾನವಿದ್ದವನನ್ನು ಸಂತ ಜಾರ್ಜನ ಪಟದ ಮುಂದೆ ಆಣೆಗೆ ಕರೆಯುತ್ತಾರೆ. ನ್ಯಾಯಾಧೀಶರಿಗೆ ಚಳ್ಳೆಹಣ್ಣು ತಿನ್ನಿಸಿದ ಕಳ್ಳರೂ ಅಲ್ಲಿ ಬೆವರುತ್ತಾರೆ. ಪಕ್ಕದ ಕಣಿವೆಯಲ್ಲೇ ಹುಟ್ಟಿದ ಆರ್ಗಿರೋಗೆ ಇದು ಗೊತ್ತಿತ್ತು. ಕಾನೂನಿನಲ್ಲಿ ಇದಕ್ಕೆ ಜಾಗವಿಲ್ಲವೆಂಬುದೂ ಗೊತ್ತಿತ್ತು.

ಶನಿವಾರ ಬೆಳಗ್ಗೆ ಎಲ್ಲರನ್ನೂ ಸಂತನ ಗುಡಿಗೆ ಕರೆಸಿದರು. ಮನೂಸೋಸ್ ಪಟಕ್ಕೆ ಮುತ್ತಿಟ್ಟ. "ನಾನು ತಿರುಗ್ಸಿದ್ರೆ ಈ ಕೈ ಒಣಗ್ಲಿ."

ಹಿಂದೆಯೇ ಸಿಫಿಸ್ ಬಂದು ನಿಂತ.

"ನೀನ್ಯಾಕೋ?"

"ತಿರುಗ್ಸಿಲ್ಲ ಮೇಡಂ. ಆದ್ರೆ ಆ ತೂತುಗಳಲ್ಲಿ ಎರಡು ನಂದು. ಸಂತನ ಮುಂದೆ ಮುಚ್ಚಿಡೋಕಾಗಲ್ಲ."

ಜನ ನಕ್ಕರು. ಗರಿಫಾಲ್ಯಾ ಮಾತ್ರ ನಗಲಿಲ್ಲ. ಪ್ರತಿ ಶನಿವಾರ ಮೊದಲು ಒಳಬಂದು ದೀಪಕ್ಕೆ ಎಣ್ಣೆ ಎರೆಯುವವಳು ಇಂದು ಎಣ್ಣೆ ಬಾಟಲಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಒಳಗೆ ಬನ್ನಿ ಅಜ್ಜಿ."

"ಬರಲ್ಲ."

"ಮಂಡಿನೋವಾ?"

"ಅಲ್ಲ ಮಗಳೇ. ಮಗನ ಸ್ಪ್ಯಾನರಿತ್ತು. ಗುಹೇಲಿ ಅವನಿಗೆ ಹಚ್ಚೋ ದೀಪದೆಣ್ಣೆ ಬೋಲ್ಟಿಗೆ ಬಿಟ್ಟೆ."

"ಯಾಕೆ?"

"ಆ ಗುಂಡಿಗೆ ಬಗ್ಗಿ ಕೂಗ್ತಾರೆ. ಪ್ರತಿಧ್ವನಿ ಬಂದ್ರೆ ನಗ್ತಾರೆ, ಮತ್ತೆ ಕೂಗ್ತಾರೆ. ನಾನೂ ಎಂಟು ವರ್ಷದಿಂದ ಲೆಫ್ಟೇರಿ ಅಂತ ಕೂಗ್ತಿದ್ದೀನಿ. ಬರೋದು ನನ್ನ ದನಿನೇ."

ಅಜ್ಜಿ ಮನೂಸೋಸ್‌ನತ್ತ ನೋಡಿದಳು.

"ಮನೂಸೋಸ್ ಕರೀತಾನೆ, ಕುಡ್ದು ತಿಂದು ವಾಪಸ್ ಹೋಗ್ತಾರೆ ಅಂದ್ಕೊಂಡೆ. ಕರೆದು ಕೊಟ್ಟ ರಾಕಿ ಬೇಡ ಅಂತ ಮುಂದೆ ಹೋಗೋ ಜನಾನೂ ಇದ್ದಾರೆ ಅಂತ ನನಗೇನು ಗೊತ್ತು?"

ಆರ್ಗಿರೋ ಅವಳ ಕೈಗೆ ಕೋಳ ಹಾಕಲಿಲ್ಲ, ತೋಳು ಹಿಡಿದು ಜೀಪಿಗೆ ಹತ್ತಿಸಿದರು. ಕೋಳವಿಲ್ಲದಿದ್ದರೂ ಬಂಧನ ಬಂಧನವೇ. ಆಸ್ಪತ್ರೆಯಲ್ಲಿ ಮಲಗಿದ್ದವನಿಗೂ ಒಬ್ಬ ತಾಯಿಯಿದ್ದಾಳು.

"ಇವತ್ತು ಶನಿವಾರ," ಎಂದಳು ಅಜ್ಜಿ. "ಗುಹೆಯ ದೀಪ?"

ಅವಳ ಮೌನದಿಂದ ಜೈಲು ಸೇರಲಿದ್ದ ಮನೂಸೋಸ್ ಕೈ ಚಾಚಿದ. "ಕೊಡು ಅಜ್ಜಿ. ನಾನ್ ಹಾಕ್ತೀನಿ."

ಸಂಜೆ ಸಿಫಿಸ್ ಫಲಕವನ್ನು ಮೊದಲಿನ ದಿಕ್ಕಿಗೆ ತಿರುಗಿಸಿ ಬೋಲ್ಟು ಬಿಗಿ ಮಾಡಿದ. ಸ್ವಲ್ಪ ಹೊತ್ತಿಗೆ ಗುಹೆಯ ಕಡೆಯಿಂದ ಯಾರೋ 'ಹಲೋ' ಎಂದು ಕೂಗಿದ್ದು, ನಕ್ಕದ್ದು ಕೇಳಿಸಿತು. ಎಣ್ಣೆ ಬಾಟಲಿ ಹಿಡಿದು ಒಳಗೆ ಹೋಗಿದ್ದ ಮನೂಸೋಸ್ ಅವರಿಗೆ ಏನು ಹೇಳಿದನೋ, ಎರಡನೆಯ ಕೂಗು ಬರಲಿಲ್ಲ.